ಶೆಲ್ ಸ್ಕ್ರಿಪ್ಟ್ ಕಲಿಯುವವರಿಗೆ: ಕಾಸರಗೋಡಿನ ವಿಜ್ಞಾನ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಎಂ.ಎಸ್ಸಿ., ಪಿಎಚ್.ಡಿ. ಮಾಡುತ್ತಿರುವವರು ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಇವು. ಫೋನಿನಲ್ಲಿ ಒಬ್ಬೊಬ್ಬರಿಗೇ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಕಂಪ್ಯೂಟರ್ ಸೈನ್ಸ್ ಓದಿದವರಿಗಲ್ಲ. ಸಸ್ಯಶಾಸ್ತ್ರ, ಭೌತಶಾಸ್ತ್ರ, ಭೂವಿಜ್ಞಾನ ಓದುತ್ತಾ ರಾಶಿ ರಾಶಿ ಫೈಲುಗಳ ಮುಂದೆ ಕುಳಿತವರಿಗೆ.

ಶೆಲ್ ಅಂದರೆ ಏನು? ಸ್ಕ್ರಿಪ್ಟ್ ಅಂದರೆ ಏನು?

ಮೌಸಿನಲ್ಲಿ ಒತ್ತುವ ಬದಲು, ಏನು ಮಾಡಬೇಕು ಅಂತ ಕಂಪ್ಯೂಟರಿಗೆ ಬರೆದು ಹೇಳುವ ಜಾಗ ಶೆಲ್. ಹಾಗೆ ಬರೆಯುವ ಒಂದೊಂದು ಮಾತಿಗೆ ಕಮಾಂಡ್ ಅನ್ನುತ್ತಾರೆ. ಆ ಮಾತುಗಳನ್ನು ಒಂದು ಫೈಲಿನಲ್ಲಿ ಸಾಲಾಗಿ ಇಟ್ಟರೆ ಅದೇ ಸ್ಕ್ರಿಪ್ಟ್. ಶೆಲ್‌ಗಳು ಹಲವು ಇವೆ. ನಾವು ಜಾಸ್ತಿ ಬಳಸುವುದು ಬ್ಯಾಷ್. ಬ್ರಯಾನ್ ಫಾಕ್ಸ್ 1989ರಲ್ಲಿ ಅದನ್ನು ಬರೆದರು. ಅದಕ್ಕಿಂತ ಹತ್ತು ವರ್ಷ ಮೊದಲು ಬಂದ ಬೋರ್ನ್ ಶೆಲ್‌ನ ಹೆಸರನ್ನೇ ಸ್ವಲ್ಪ ತಿರುಗಿಸಿ ಇದಕ್ಕೆ ಇಟ್ಟಿದ್ದಾರೆ.

ಎಕ್ಸೆಲ್ ಇದೆಯಲ್ಲ, ಇದೆಲ್ಲ ಯಾಕೆ?

ಒಂದು ಫೈಲಿಗೆ ಎಕ್ಸೆಲ್ ಸಾಕು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮುನ್ನೂರು ಫೈಲು ಇದ್ದರೆ? ಒಂದೊಂದನ್ನೇ ತೆರೆದು, ಕಾಪಿ ಮಾಡಿ, ಪೇಸ್ಟ್ ಮಾಡಿ, ಮುಚ್ಚಬೇಕು. ಇನ್ನೂರನೆಯ ಫೈಲಿನ ಹೊತ್ತಿಗೆ ಕಣ್ಣು ಮಂಜಾಗಿರುತ್ತದೆ. ಎಲ್ಲಿ ಒಂದು ಸಾಲು ಬಿಟ್ಟುಹೋಯಿತು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಮುಖ್ಯವಾದ ಕಾರಣ ಇನ್ನೊಂದಿದೆ. ನಮ್ಮ ಕಡೆ ಎಷ್ಟೋ ಅಡಿಕೆ ಕೃಷಿಕರ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ಬರೆದಿಡುತ್ತಾರೆ. ನಮ್ಮ ಅಜ್ಜನೂ ಬರೆಯುತ್ತಿದ್ದರು. ಎಷ್ಟು ಮಿಲಿಮೀಟರ್ ಅಂತ ಮಾತ್ರ ಅಲ್ಲ, ‘ಮಾಪಕ ತುಂಬಿ ಹೊರಗೆ ಚೆಲ್ಲಿತ್ತು’, ‘ಊರಲ್ಲಿ ಇರಲಿಲ್ಲ’ ಅಂತ ಪಕ್ಕದಲ್ಲಿ ಸಣ್ಣಕ್ಕೆ ಬರೆದಿರುತ್ತಿದ್ದರು. ಅದಕ್ಕೇ ಆ ಪುಸ್ತಕವನ್ನು ಇವತ್ತಿಗೂ ನಂಬಬಹುದು. ನಿಮ್ಮ ಲೆಕ್ಕವೂ ಹಾಗೇ ಇರಬೇಕು. ಮೌಸಿನಲ್ಲಿ ಮಾಡಿದ ಕೆಲಸಕ್ಕೆ ಗುರುತು ಉಳಿಯುವುದಿಲ್ಲ. ಸ್ಕ್ರಿಪ್ಟಿನಲ್ಲಿ ಮಾಡಿದರೆ ಯಾವ ಸಾಲನ್ನು ಯಾಕೆ ಬಿಟ್ಟಿರಿ, ಯಾವುದನ್ನು ಕೂಡಿಸಿದಿರಿ ಅಂತ ಪೂರ್ತಿ ಬರೆದಿಟ್ಟ ಹಾಗೆ. ಎರಡು ವರ್ಷ ಬಿಟ್ಟು ಪ್ರಬಂಧ ಬರೆಯಲು ಕುಳಿತಾಗ ಅದರ ಬೆಲೆ ತಿಳಿಯುತ್ತದೆ.

ಜೀವಶಾಸ್ತ್ರದವರಿಗೆ ಇನ್ನೂ ಒಂದು ಮಾತು. ಎಕ್ಸೆಲ್ ಕೆಲವು ಜೀನ್ ಹೆಸರುಗಳನ್ನು ತಾರೀಕು ಅಂತ ತಿಳಿದು ತಾನಾಗಿಯೇ ಬದಲಾಯಿಸಿಬಿಡುತ್ತದೆ. ಸೆಪ್ಟ್1 ಎಂಬ ಜೀನು ಸೆಪ್ಟೆಂಬರ್ 1 ಆಗಿಬಿಡುತ್ತಿತ್ತು. ಈ ಕಾಟಕ್ಕೆ 2020ರಲ್ಲಿ ಜೀನುಗಳ ಹೆಸರನ್ನೇ ಬದಲಾಯಿಸಬೇಕಾಯಿತು.

ನಾನು ಲಿನಕ್ಸ್ ನೋಡಿಯೇ ಇಲ್ಲ. ಕಷ್ಟ ಆಗುವುದಿಲ್ವಾ?

ಲಿನಕ್ಸ್ ಅಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ, ಉಬುಂಟು ಅದರ ಒಂದು ಬಗೆ. ಬ್ಯಾಷ್ ಅದರಲ್ಲಿ ಮೊದಲೇ ಇರುತ್ತದೆ. ಕೇರಳದ ಶಾಲೆಯಲ್ಲಿ ಓದಿದ್ದರೆ ನೋಡಿರುತ್ತೀರಿ, ಮರೆತಿದ್ದೀರಿ ಅಷ್ಟೆ. 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಅಂತ ಶುರುವಾಗಿ 2017ರಲ್ಲಿ ‘ಕೈಟ್’ ಆದ ಸಂಸ್ಥೆ ನಮ್ಮ ಶಾಲೆಗಳ ಲ್ಯಾಬಿನಲ್ಲಿ ಹಾಕಿಸಿದ್ದು ಉಬುಂಟು ಆಧಾರಿತ ಲಿನಕ್ಸನ್ನೇ. ಹತ್ತನೆಯ ತರಗತಿಯ ಐಟಿ ಪರೀಕ್ಷೆ ಬರೆದದ್ದು ಅದರಲ್ಲೇ ಅಲ್ವಾ? ಗಡಿಯಲ್ಲಿ ಇರುವುದರಿಂದ ಕನ್ನಡ ಮಾಧ್ಯಮದವರಿಗೆ ಏನೇನು ಸಿಗಲಿಲ್ಲ ಅಂತ ನಾವು ಆಗಾಗ ಮಾತಾಡಿಕೊಳ್ಳುತ್ತೇವೆ. ಈ ಒಂದು ವಿಷಯದಲ್ಲಿ ಸಿಕ್ಕಿದ್ದು ದೊಡ್ಡದು. ಬೇರೆ ಕಡೆ ವಿಂಡೋಸ್ ಮಾತ್ರ ನೋಡಿ ಬೆಳೆದವರಿಗಿಂತ ನೀವು ಒಂದು ಹೆಜ್ಜೆ ಮುಂದೆ ಇದ್ದೀರಿ.

ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದೆ. ಲ್ಯಾಪ್‌ಟಾಪೇ ಇಲ್ಲದಿದ್ದರೆ?

ವಿಂಡೋಸ್ 10 ಅಥವಾ 11 ಇದ್ದರೆ ‘ಡಬ್ಲ್ಯುಎಸ್ಎಲ್’ ಹಾಕಿಕೊಳ್ಳಿ. ವಿಂಡೋಸಿನ ಒಳಗೇ ಉಬುಂಟು ಬರುತ್ತದೆ. ಹಳೆಯ ಯಂತ್ರವಾದರೆ ‘ಗಿಟ್ ಬ್ಯಾಷ್’ ಸಾಕು. ಮ್ಯಾಕ್‌ನಲ್ಲಿ ಟರ್ಮಿನಲ್, ಅಂದರೆ ಶೆಲ್ ತೆರೆಯುವ ಕಿಟಕಿ, ಮೊದಲೇ ಇದೆ. 2019ರ ಕ್ಯಾಟಲಿನಾದಿಂದ ಈಚೆಗೆ ಅಲ್ಲಿ ತೆರೆಯುವುದು ಜೀ-ಶೆಲ್. ಕಲಿಯುವವರಿಗೆ ಆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ.

ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ‘ಟರ್ಮಕ್ಸ್’ ಹಾಕಿಕೊಳ್ಳಬಹುದು. ಅದು ನಿಜವಾದ ಬ್ಯಾಷ್, ಆಟಿಕೆಯಲ್ಲ. ಬಸ್ಸಿನಲ್ಲಿ ಕುಳಿತು ಲೂಪ್ (ಒಂದೇ ಕೆಲಸವನ್ನು ಒಂದೊಂದು ಫೈಲಿಗೂ ಮತ್ತೆ ಮತ್ತೆ ಮಾಡಿಸುವ ಸಾಲುಗಳು) ಬರೆಯಲು ಕಲಿತವರನ್ನು ನಾನು ನೋಡಿದ್ದೇನೆ.

ಕೆಳಗೆ ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೀರಿ. ಟೈಪ್ ಮಾಡುವುದು ಹೇಗೆ? ಎಷ್ಟು ಕಲಿಯಬೇಕು?

ಬಾಯಲ್ಲಿ ಹೇಳುವ ಹಾಗೆ ಇಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ. ಕಮಾಂಡಿನ ಹೆಸರುಗಳೆಲ್ಲ ಸಣ್ಣಕ್ಷರದಲ್ಲಿ. ದೊಡ್ಡಕ್ಷರಕ್ಕೂ ಸಣ್ಣಕ್ಷರಕ್ಕೂ ಇಲ್ಲಿ ತುಂಬಾ ವ್ಯತ್ಯಾಸ ಇದೆ.

ಮೊದಲ ವಾರಕ್ಕೆ ಹತ್ತು ಸಾಕು. ಎಲ್ಲಿದ್ದೇನೆ ಅಂತ ತೋರಿಸುವ ಪಿಡಬ್ಲ್ಯುಡಿ, ಇಲ್ಲಿ ಏನೇನಿದೆ ಅಂತ ಹೇಳುವ ಎಲ್‌ಎಸ್, ಬೇರೆ ಫೋಲ್ಡರಿಗೆ ಹೋಗಲು ಸಿಡಿ, ಹೊಸ ಫೋಲ್ಡರಿಗೆ ಎಂಕೆಡಿಐಆರ್, ನಕಲಿಗೆ ಸಿಪಿ, ಹೆಸರು ಬದಲಾಯಿಸಲು ಎಂವಿ. ಫೈಲಿನ ಮೊದಲ ಸಾಲುಗಳಿಗೆ ಹೆಡ್, ಸಾಲು ಎಣಿಸಲು ಡಬ್ಲ್ಯುಸಿ, ಹುಡುಕಲು ಗ್ರೆಪ್ (ಜಿಆರ್‌ಇಪಿ), ವಿಂಗಡಿಸಲು ಸಾರ್ಟ್. ಅಳಿಸುವ ಆರ್‌ಎಂ ಅನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ಅದರಲ್ಲಿ ಕಸದ ಬುಟ್ಟಿ ಇಲ್ಲ. ಹೋದದ್ದು ಹೋಯಿತು.

ಆಮೇಲೆ ಪೈಪ್, ಅಂದರೆ | ಎಂಬ ಗೆರೆ. ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಹೊರಟ ನೀರು ಸೀಳಿದ ಅಡಿಕೆ ಮರದಲ್ಲಿ ಹರಿದು ಕೆರೆಗೆ, ಕೆರೆಯಿಂದ ತೋಟಕ್ಕೆ ಹೋಗುತ್ತದಲ್ಲ, ಹಾಗೆ ಒಂದು ಕಮಾಂಡಿನ ಉತ್ತರ ಇನ್ನೊಂದಕ್ಕೆ ಹರಿಯುತ್ತದೆ. ಡಗ್ ಮೆಕ್‌ಇಲ್ರಾಯ್ ಅವರ ಯೋಚನೆ ಇದು. 1973ರಲ್ಲಿ ಲಿನಕ್ಸಿಗೆ ಮಾದರಿಯಾದ ಯುನಿಕ್ಸಿಗೆ ಬಂತು. ಐವತ್ತು ವರ್ಷ ದಾಟಿದರೂ ಇದಕ್ಕಿಂತ ಒಳ್ಳೆಯದು ಬಂದಿಲ್ಲ ಅಂತ ನನ್ನ ಅಭಿಪ್ರಾಯ.

ಮೊದಲ ಸ್ಕ್ರಿಪ್ಟ್ ಒಂದನ್ನು ತೋರಿಸಿ.

ಮಳೆ ಲೆಕ್ಕವನ್ನೇ ತೆಗೆದುಕೊಳ್ಳೋಣ. ತಿಂಗಳಿಗೆ ಒಂದರಂತೆ ಹನ್ನೆರಡು ಫೈಲು. ಪ್ರತಿ ಸಾಲಿನಲ್ಲಿ ತಾರೀಕು, ಒಂದು ಅಲ್ಪವಿರಾಮ, ಆ ದಿನದ ಮಳೆ ಮಿಲಿಮೀಟರಿನಲ್ಲಿ. ಹೀಗೆ ಅಲ್ಪವಿರಾಮದಿಂದ ಕಾಲಂ ಬೇರೆ ಮಾಡಿದ ಫೈಲಿಗೆ ಸಿಎಸ್‌ವಿ ಅನ್ನುತ್ತಾರೆ. ಭಾರತದ ಹವಾಮಾನ ಇಲಾಖೆ ಒಂದು ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ‘ಭಾರಿ ಮಳೆ’ ಅನ್ನುತ್ತದೆ. ವರ್ಷದಲ್ಲಿ ಅಂಥ ದಿನ ಯಾವುವು? ಒಂದೇ ಸಾಲು:

ಆಕ್ -ಎಫ್, '$2 >= 64.5' *.ಸಿಎಸ್‌ವಿ

ನಿಧಾನವಾಗಿ ಓದಿ. ಸಾಲುಗಳನ್ನು ಕಾಲಂ ಕಾಲಂ ಆಗಿ ಓದುವ ಕಮಾಂಡ್ ಆಕ್. ಅಹೋ, ವೈನ್‌ಬರ್ಗರ್, ಕರ್ನಿಘನ್ ಎಂಬ ಮೂವರ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಎ, ಡಬ್ಲ್ಯು, ಕೆ ಸೇರಿ ಆ ಹೆಸರು ಬಂತು. ದೊಡ್ಡಕ್ಷರದ ಎಫ್ ಮತ್ತು ಅಲ್ಪವಿರಾಮ ‘ಇಲ್ಲಿ ಕಾಲಂ ಬೇರೆಯಾಗುತ್ತದೆ’ ಅಂತ ಹೇಳುತ್ತದೆ. $2 ಅಂದರೆ ಎರಡನೆಯ ಕಾಲಂ. ನಕ್ಷತ್ರ ಅಂದರೆ ಈ ಫೋಲ್ಡರಿನ ಸಿಎಸ್‌ವಿ ಫೈಲುಗಳೆಲ್ಲ. ಎಂಟರ್ ಒತ್ತಿದರೆ ಹನ್ನೆರಡೂ ತಿಂಗಳ ಭಾರಿ ಮಳೆಯ ದಿನಗಳು ಪರದೆ ಮೇಲೆ ಬರುತ್ತವೆ.

ಇದನ್ನೇ ಒಂದು ಫೈಲಿನಲ್ಲಿ ಬರೆಯಿರಿ. ಮೊದಲ ಸಾಲು #!/ಬಿನ್/ಬ್ಯಾಷ್ ಇರಲಿ. ಆಮೇಲೆ # ಹಾಕಿ ಕನ್ನಡದಲ್ಲೇ ‘64.5 ಯಾಕೆ’ ಅಂತ ಒಂದು ಸಾಲು ಬರೆಯಿರಿ. ‘ಬ್ಯಾಷ್’ ಅಂತ ಬರೆದು ಪಕ್ಕದಲ್ಲಿ ಫೈಲಿನ ಹೆಸರು ಕೊಟ್ಟರೆ ಓಡುತ್ತದೆ. ಉತ್ತರವನ್ನು > ಹಾಕಿ ಪಕ್ಕದಲ್ಲಿ ಹೊಸ ಫೈಲಿನ ಹೆಸರು ಕೊಟ್ಟು ಉಳಿಸಿಕೊಳ್ಳಬಹುದು, ಆದರೆ ಬೇರೆ ಫೋಲ್ಡರಿನಲ್ಲಿ ಉಳಿಸಿ. ಅದೇ ಫೋಲ್ಡರಿನಲ್ಲಿ ಸಿಎಸ್‌ವಿ ಆಗಿ ಉಳಿಸಿದರೆ ಮುಂದಿನ ಸಲ ಆ ನಕ್ಷತ್ರಕ್ಕೆ ಉತ್ತರದ ಫೈಲೂ ಸಿಕ್ಕಿಬಿಡುತ್ತದೆ.

ಫೈಲಿಗೆ ಹೆಸರು ಹೇಗೆ ಇಡಬೇಕು? ಏನಿಟ್ಟರೂ ಆಗುವುದಿಲ್ವಾ?

ಆಗುವುದಿಲ್ಲ. ನನಗೆ ಇದು ಪೆಟ್ಟು ಬಿದ್ದು ಗೊತ್ತಾದ ವಿಷಯ. ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ವರ್ಷದ 365 ದಿನಕ್ಕೆ 365 ಫೈಲು ಇತ್ತು. ಡೇ1, ಡೇ2 ಅಂತ ಡೇ365ರ ವರೆಗೆ ಹೆಸರಿಟ್ಟಿದ್ದೆ. ಡೇ* ಅಂತ ಕೊಟ್ಟು ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ಗ್ರಾಫ್ ಮಾಡಿದೆ. ಶೆಲ್ ಹೆಸರುಗಳನ್ನು ನಿಘಂಟಿನ ಕ್ರಮದಲ್ಲಿ ಜೋಡಿಸುತ್ತದೆ, ಸಂಖ್ಯೆಯ ಕ್ರಮದಲ್ಲಿ ಅಲ್ಲ. ಡೇ1 ಆದ ಮೇಲೆ ಡೇ10, ಆಮೇಲೆ ಡೇ100, ಡೇ101. ಡೇ2 ಬರುವುದು ಡೇ199 ಆದ ಮೇಲೆ! ಜೂನ್ 1 ವರ್ಷದ 152ನೇ ದಿನ. ಈ ಕ್ರಮದಲ್ಲಿ ಅದು 60ನೇ ಜಾಗಕ್ಕೆ ಬಂದು ಕುಳಿತಿತ್ತು, ಅಂದರೆ ಮಾರ್ಚ್ 1ರ ಜಾಗಕ್ಕೆ. ಗ್ರಾಫ್ ನೋಡಿದ ಗೈಡ್ ಕೇಳಿದ್ದು ಒಂದೇ ಪ್ರಶ್ನೆ: ‘ಮಾರ್ಚ್ ತಿಂಗಳಲ್ಲಿ ನಿಮ್ಮೂರಿನಲ್ಲಿ ಮಳೆಗಾಲವಾ?’ ಮೂರು ವಾರದ ಕೆಲಸ ಮೊದಲಿಂದ ಮಾಡಬೇಕಾಯಿತು. ಮಳೆ ಆದ್ದರಿಂದ ಕಣ್ಣಿಗೆ ಬಿತ್ತು. ಗೊತ್ತಿಲ್ಲದ ಯಾವುದೋ ಅಳತೆಯಾಗಿದ್ದರೆ ಹಾಗೇ ಅಚ್ಚಾಗುತ್ತಿತ್ತು.

ಆದ್ದರಿಂದ ಡೇ001, ಡೇ002 ಅಂತ ಸೊನ್ನೆ ತುಂಬಿಸಿ. ತಾರೀಕಾದರೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ: 2024-07-08. ಹೆಸರಿನ ನಡುವೆ ಜಾಗ ಬಿಡಬೇಡಿ. ‘ಮಳೆ ಲೆಕ್ಕ’ ಅಂತ ಇಟ್ಟರೆ ಶೆಲ್ ಅದನ್ನು ‘ಮಳೆ’ ಮತ್ತು ‘ಲೆಕ್ಕ’ ಎಂಬ ಎರಡು ಫೈಲು ಅಂತ ತಿಳಿಯುತ್ತದೆ. ಬೇರೆಯವರು ಕೊಟ್ಟ ಫೈಲಿನಲ್ಲಿ ಜಾಗ ಇದ್ದೇ ಇರುತ್ತದೆ. ಹಾಗಾಗಿ ಸ್ಕ್ರಿಪ್ಟಿನಲ್ಲಿ ಫೈಲಿನ ಹೆಸರಿರುವ ವೇರಿಯಬಲ್ಲನ್ನು (ಬೇಕಾದ ಬೆಲೆ ತುಂಬಿಡಲು ನಾವು ಕೊಡುವ ಹೆಸರು) ಯಾವಾಗಲೂ ಜೋಡಿ ಉದ್ಧರಣ ಚಿಹ್ನೆಯ ಒಳಗೆ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ನನ್ನ ಸ್ಕ್ರಿಪ್ಟ್ ಜುಲೈವರೆಗೆ ಸರಿಯಾಗಿ ಓಡಿ ಆಗಸ್ಟಿನಲ್ಲಿ ನಿಂತುಬಿಟ್ಟಿತು. ಯಾಕೆ?

ಇದು ಸೊನ್ನೆ ತುಂಬಿಸಿದ್ದರ ಇನ್ನೊಂದು ಮುಖ. ಬ್ಯಾಷ್ ಲೆಕ್ಕ ಮಾಡುವಾಗ ಸೊನ್ನೆಯಿಂದ ಶುರುವಾದ ಸಂಖ್ಯೆಯನ್ನು ಎಂಟರ ಮಾನದ ಸಂಖ್ಯೆ ಅಂತ ಓದುತ್ತದೆ. ಅದರಲ್ಲಿ 0ಯಿಂದ 7ರ ವರೆಗಿನ ಅಂಕಿಗಳು ಮಾತ್ರ. 01ರಿಂದ 07ರ ವರೆಗೆ ತೊಂದರೆ ಕಾಣುವುದಿಲ್ಲ. 08, 09 ಬಂದ ಕೂಡಲೇ ‘ಇದು ಸಂಖ್ಯೆಯೇ ಅಲ್ಲ’ ಅಂತ ನಿಲ್ಲುತ್ತದೆ. 10# ಅಂತ ಮುಂದೆ ಸೇರಿಸಿ, 10#08 ಹೀಗೆ ಬರೆದರೆ ಹತ್ತರ ಮಾನದಲ್ಲಿ ಓದುತ್ತದೆ. ಆಗಸ್ಟ್, ಸೆಪ್ಟೆಂಬರ್ ಮಾತ್ರ ಕೆಟ್ಟು ಅಕ್ಟೋಬರ್ ಸರಿಯಾದರೆ ಮೊದಲು ಇಲ್ಲಿ ನೋಡಿ.

ದಶಮಾಂಶ ಕೊಟ್ಟರೆ ಬ್ಯಾಷ್ ಬೈಯುತ್ತದೆ.

ಬ್ಯಾಷ್‌ಗೆ ಪೂರ್ಣ ಸಂಖ್ಯೆ ಮಾತ್ರ ಗೊತ್ತು. 7ನ್ನು 2ರಿಂದ ಭಾಗಿಸಿದರೆ 3 ಅನ್ನುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ದಶಮಾಂಶದ ಲೆಕ್ಕ ಎಲ್ಲವನ್ನೂ ಆಕ್‌ಗೆ ಬಿಡಿ, ಸಣ್ಣದಿದ್ದರೆ ಬಿ, ಸಿ ಎಂಬ ಎರಡಕ್ಷರದ ಕಮಾಂಡಿಗೆ.

ಡಿಎನ್ಎ ಫೈಲುಗಳಿಗೆ ಇದು ಹೇಗೆ ಉಪಯೋಗ?

1916ರಲ್ಲಿ ತೆಂಗಿನ ಸಂಶೋಧನೆಗೆ ಅಂತ ಶುರುವಾದ ಕೇಂದ್ರ ಕಾಸರಗೋಡಿನಲ್ಲೇ ಇದೆ, ಈಗಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ). ಪೆರಿಯದಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಹಾಗಾಗಿ ಜೀವಶಾಸ್ತ್ರದವರ ಪ್ರಶ್ನೆ ಜಾಸ್ತಿ ಬರುತ್ತದೆ.

ಡಿಎನ್ಎಯ ಅಕ್ಷರಗಳ ಸರಣಿಯನ್ನು, ಅಂದರೆ ಸೀಕ್ವೆನ್ಸನ್ನು, ಬರೆದಿಡುವ ಫೈಲಿನ ಒಂದು ಬಗೆ ಫಾಸ್ಟಾ. ಅದರಲ್ಲಿ ಪ್ರತಿಯೊಂದು ಸೀಕ್ವೆನ್ಸಿನ ಹೆಸರಿನ ಸಾಲು > ಗುರುತಿನಿಂದ ಶುರುವಾಗುತ್ತದೆ. ಎಷ್ಟು ಸೀಕ್ವೆನ್ಸ್ ಇದೆ ಅಂತ ತಿಳಿಯಲು ಗ್ರೆಪ್ -ಸಿ '>' ಅಂತ ಬರೆದು ಫೈಲಿನ ಹೆಸರು ಕೊಡಿ. ಎಷ್ಟೇ ದೊಡ್ಡ ಫೈಲಾದರೂ ತೆರೆಯದೆ ಎಣಿಸಿ ಕೊಡುತ್ತದೆ.

ಈಗ ಸರಿಯಾಗಿ ಗಮನಿಸಿ. ಆ > ಸುತ್ತ ಇರುವ ಉದ್ಧರಣ ಚಿಹ್ನೆ ಮರೆತರೆ ಶೆಲ್ ಅದನ್ನು ‘ಉತ್ತರವನ್ನು ಈ ಫೈಲಿಗೆ ಬರೆ’ ಅಂತ ಓದುತ್ತದೆ. ಗ್ರೆಪ್ ಶುರುವಾಗುವ ಮೊದಲೇ ನಿಮ್ಮ ಫೈಲನ್ನು ಖಾಲಿ ಮಾಡಿಬಿಡುತ್ತದೆ. ತಿಂಗಳುಗಟ್ಟಲೆ ಲ್ಯಾಬಿನಲ್ಲಿ ದುಡಿದ ಡೇಟಾ ಸೊನ್ನೆ ಬೈಟ್. ದಯವಿಟ್ಟು ಮೂಲ ಡೇಟಾ ಬೇರೆ ಫೋಲ್ಡರಿನಲ್ಲಿ ಇರಲಿ. ಅಲ್ಲಿನ ಒಂದೊಂದು ಫೈಲಿಗೂ ‘ಸಿಎಚ್‌ಮಾಡ್ ಎ-ಡಬ್ಲ್ಯು’ ಕೊಟ್ಟು ಯಾರೂ ಬರೆಯದ ಹಾಗೆ ಬೀಗ ಹಾಕಿ. ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇಡಿ. ಇವತ್ತೇ ಮಾಡಿ.

ಸ್ಕ್ರಿಪ್ಟಿನಲ್ಲಿ ಕನ್ನಡ ಬಳಸಬಹುದಾ?

# ಹಾಕಿದ ಟಿಪ್ಪಣಿ ಸಾಲು, ಪರದೆಗೆ ಬರುವ ಮಾತು, ಫೈಲಿನ ಹೆಸರು ಎಲ್ಲವೂ ಕನ್ನಡದಲ್ಲಿ ಇರಬಹುದು. ವೇರಿಯಬಲ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆಯಲ್ಲೇ ಇರಬೇಕು. ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಿರಿ ಅಂತ ನಾನು ಒತ್ತಿ ಹೇಳುತ್ತೇನೆ. ಯೋಚನೆ ಬಂದ ಭಾಷೆಯಲ್ಲೇ ಬರೆದರೆ ಯಾಕೆ ಹಾಗೆ ಮಾಡಿದಿರಿ ಎಂಬುದು ಸ್ಪಷ್ಟವಾಗಿ ಬರುತ್ತದೆ.

ಕನ್ನಡ ಪಠ್ಯವನ್ನೇ ಡೇಟಾ ಆಗಿ ಬಳಸುವವರು ಇದನ್ನು ಮಾಡಿ ನೋಡಿ. ‘ಕಾಸರಗೋಡು’ ಎಂಬ ಪದವನ್ನು, ಕೊಟ್ಟದ್ದನ್ನು ಹಾಗೇ ಬರೆದು ತೋರಿಸುವ ಪ್ರಿಂಟ್ಎಫ್ ಕಮಾಂಡಿನಿಂದ ಡಬ್ಲ್ಯುಸಿಗೆ ಪೈಪ್ ಮಾಡಿ. -ಸಿ ಕೊಟ್ಟರೆ 24 ಬರುತ್ತದೆ. -ಎಂ ಕೊಟ್ಟರೆ 8. ನಾವು ಎಣಿಸಿದರೆ ಕಾ, ಸ, ರ, ಗೋ, ಡು, ಐದೇ. ಮೂರೂ ಸರಿ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡಿನಲ್ಲಿ ಕಾಗುಣಿತದ ಗುರುತು ಬೇರೆಯೇ ಒಂದು ಸಂಕೇತ, ಆದ್ದರಿಂದ ಎಂಟು. ಆ ಸಂಕೇತಗಳನ್ನು ಫೈಲಿನಲ್ಲಿ ಬರೆದಿಡುವ ರೀತಿಯಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಆದ್ದರಿಂದ ಇಪ್ಪತ್ತನಾಲ್ಕು. ‘ಗೋ’ದಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗ್ರೆಪ್‌ಗೆ ಬೇರೆ ಬೇರೆ. ಎದುರಿಗೆ ಕಾಣುವ ಪದ ಹುಡುಕಿದರೆ ಸಿಗದಿದ್ದಾಗ ಕಾರಣ ಇದಿರಬಹುದು.

ತಪ್ಪು ಬಂದಾಗ ಇಂಗ್ಲಿಷ್ ನೋಡಿ ಹೆದರಿಕೆ ಆಗುತ್ತದೆ.

ಹೆದರಬೇಡಿ. ಮೊದಮೊದಲು ಬರುವ ತಪ್ಪುಗಳು ಬೆರಳೆಣಿಕೆಯಷ್ಟು. ‘ನೋ ಸಚ್ ಫೈಲ್’ ಅಂದರೆ ನೀವು ಬೇರೆ ಫೋಲ್ಡರಿನಲ್ಲಿ ಇದ್ದೀರಿ ಅಥವಾ ಹೆಸರು ತಪ್ಪಿದೆ. ‘ಪರ್ಮಿಷನ್ ಡಿನೈಡ್’ ಅಂದರೆ ಅನುಮತಿ ಇಲ್ಲ. ‘ಕಮಾಂಡ್ ನಾಟ್ ಫೌಂಡ್’ ಅಂದರೆ ಆ ಹೆಸರಿನ ಕಮಾಂಡ್ ಇಲ್ಲ. ವೇರಿಯಬಲ್ಲಿಗೆ ಬೆಲೆ ಕೊಡುವಾಗ = ಗುರುತಿನ ಆಚೆ ಈಚೆ ಜಾಗ ಬಿಟ್ಟರೂ ಇದೇ ಬರುತ್ತದೆ. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಬರೆದ ಸ್ಕ್ರಿಪ್ಟಿನಲ್ಲಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಅದರಿಂದ ವಿಚಿತ್ರ ತಪ್ಪು ಬಂದರೆ ‘ಡಾಸ್‌ಟುಯುನಿಕ್ಸ್’ ಓಡಿಸಿ.

ಮಳೆಗಾಲದಲ್ಲಿ ಕರೆಂಟು ಹೋಗುತ್ತಾ ಬರುತ್ತಾ ಇರುತ್ತದೆ. ಆರು ಗಂಟೆಯ ಕೆಲಸ ಮೊದಲಿಂದ ಮಾಡಬೇಕಾ?

ಬೇಡ. ಲೂಪಿನ ಒಳಗೆ ‘ಈ ಫೈಲಿನ ಉತ್ತರ ಈಗಾಗಲೇ ಇದ್ದರೆ ಮುಂದೆ ಹೋಗು’ ಅಂತ ಒಂದು ಸಾಲು ಸೇರಿಸಿ. ಕರೆಂಟು ಬಂದ ಮೇಲೆ ಅದೇ ಸ್ಕ್ರಿಪ್ಟ್ ಓಡಿಸಿದರೆ ಬಿಟ್ಟಲ್ಲಿಂದ ಶುರುವಾಗುತ್ತದೆ. ಆದರೆ ಅರ್ಧ ಬರೆದು ನಿಂತ ಫೈಲು ಇರುತ್ತದಲ್ಲ, ಅದನ್ನು ಮುಗಿದದ್ದು ಅಂತ ತಿಳಿದರೆ ಅಪಾಯ. ಅದಕ್ಕೆ ಉತ್ತರವನ್ನು ಮೊದಲು ಒಂದು ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ, ಪೂರ್ತಿ ಆದ ಮೇಲೆ ಎಂವಿ ಕೊಟ್ಟು ನಿಜವಾದ ಹೆಸರಿಗೆ ಬದಲಾಯಿಸಿ. ಆಗ ನಿಜವಾದ ಹೆಸರು ಇದ್ದರೆ ಕೆಲಸ ಮುಗಿದಿದೆ ಅಂತಲೇ ಅರ್ಥ.

ದೂರದ ಸರ್ವರಿನಲ್ಲಿ (ನೆಟ್ ಮೂಲಕ ಬಳಸುವ ಬೇರೆ ಕಡೆಯ ಕಂಪ್ಯೂಟರ್) ಕೆಲಸ ಮಾಡುವವರು ಅಲ್ಲಿ ಟಿಮಕ್ಸ್ ಎಂಬ ಪ್ರೋಗ್ರಾಂ ಬಳಸಿ. ಇಲ್ಲಿ ನೆಟ್ ಹೋದರೂ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ದೊಡ್ಡ ಫೈಲು ಕಳಿಸಲು, ತರಲು ಆರ್‌ಸಿಂಕ್ ಎಂಬ ಕಮಾಂಡ್ ಒಳ್ಳೆಯದು. ‘ಪಾರ್ಷಿಯಲ್’ ಎಂಬ ಆಯ್ಕೆ ಕೊಟ್ಟರೆ ನಡುವೆ ತುಂಡಾದರೂ ಬಂದಷ್ಟು ಉಳಿಯುತ್ತದೆ.

ಸೂಪರ್ ಕಂಪ್ಯೂಟರಿಗೆ ಇದೇ ಶೆಲ್ ಸಾಕಾ?

ಇದೇ. ಲೋಕದ ಅತಿ ವೇಗದ 500 ಯಂತ್ರಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಇರುವುದೆಲ್ಲ ಲಿನಕ್ಸೇ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ ‘ಪರಮ್ ಪ್ರವೇಗ’ದ ಮುಂದೆ ಕುಳಿತರೂ ನಿಮಗೆ ಕಾಣುವುದು ಫೋನಿನ ಟರ್ಮಕ್ಸಿನಲ್ಲಿ ಕಂಡ ಹಾಗಿನ ಕಪ್ಪು ಪರದೆ. ವ್ಯತ್ಯಾಸ ಒಂದೇ. ಅಂಥ ಯಂತ್ರಗಳಲ್ಲಿ ನೀವು ನೇರ ಓಡಿಸುವುದಿಲ್ಲ, ಸ್ಲರ್ಮ್‌ನಂಥ ಸರದಿ ನೋಡಿಕೊಳ್ಳುವ ವ್ಯವಸ್ಥೆಗೆ ಸ್ಕ್ರಿಪ್ಟ್ ಒಪ್ಪಿಸುತ್ತೀರಿ. ಎಷ್ಟು ಹೊತ್ತು, ಎಷ್ಟು ಕೋರ್ (ಲೆಕ್ಕ ಮಾಡುವ ಘಟಕ) ಬೇಕು ಅಂತ ಅದರಲ್ಲೇ ಬರೆದಿರುತ್ತೀರಿ. ಲಾಗಿನ್ ಆಗುವ ಯಂತ್ರದಲ್ಲೇ ದೊಡ್ಡ ಲೆಕ್ಕ ಓಡಿಸಬೇಡಿ. ಅದು ಎಲ್ಲರೂ ಓಡಾಡುವ ಬಾಗಿಲು.

ಪೈಥಾನ್ ಕಲಿತರೆ ಸಾಲದಾ? ಚಾಟ್‌ಬಾಟ್ ಬರೆದುಕೊಡುತ್ತದಲ್ವಾ?

ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ, ಅದನ್ನೂ ಕಲಿಯಿರಿ. ಫೈಲು ಸಾಗಿಸುವುದು, ವಿಂಗಡಿಸುವುದು, ಒಂದಾದ ಮೇಲೆ ಒಂದು ಪ್ರೋಗ್ರಾಂ ಓಡಿಸುವುದು ಶೆಲ್‌ನ ಕೆಲಸ. ಲೆಕ್ಕ, ಗ್ರಾಫ್ ಪೈಥಾನಿನ ಕೆಲಸ. ಶೆಲ್ ಸ್ಕ್ರಿಪ್ಟ್ ನೂರು ಸಾಲು ದಾಟಿದರೆ ನಾನು ಪೈಥಾನಿಗೆ ಹೋಗುತ್ತೇನೆ.

ಚಾಟ್‌ಬಾಟ್ ಬರೆದುಕೊಟ್ಟದ್ದನ್ನು ಓದಿ ಅರ್ಥವಾದ ಮೇಲೆ ಮಾತ್ರ ಓಡಿಸಿ, ಸುಮ್ನೆ ಪೇಸ್ಟ್ ಮಾಡಬೇಡಿ. ಆರ್‌ಎಂ, ಎಂವಿ ಇರುವ ಸಾಲಿನ ಮುಂದೆ ಮೊದಲು ‘ಎಕೋ’ (ಇಸಿಎಚ್‌ಒ) ಅಂತ ಸೇರಿಸಿ ಓಡಿಸಿ. ಆಗ ಏನು ಮಾಡಲಿದೆ ಅಂತ ತೋರಿಸುತ್ತದೆ, ಮಾಡುವುದಿಲ್ಲ. ಸರಿ ಕಂಡರೆ ಎಕೋ ತೆಗೆಯಿರಿ. ಮೊದಲ ಸಾಲಿನ ಕೆಳಗೆ ‘ಸೆಟ್ -ಇಯು’ ಇರಲಿ. ತಪ್ಪು ಬಂದರೆ, ಬೆಲೆ ಕೊಡದ ವೇರಿಯಬಲ್ ಸಿಕ್ಕಿದರೆ ಸ್ಕ್ರಿಪ್ಟ್ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ.

ಕನ್ನಡದಲ್ಲಿ ಕಲಿಯಲು ಏನಾದರೂ ಇದೆಯಾ? ಎಷ್ಟು ದಿನ ಬೇಕು?

ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ನಲ್ಲಿ ಕನ್ನಡ ಧ್ವನಿಯ ಲಿನಕ್ಸ್ ಪಾಠಗಳಿವೆ, ಹಣ ಕೊಡಬೇಕಾಗಿಲ್ಲ. ಇಂಗ್ಲಿಷ್ ಓದಬಲ್ಲವರು ‘ಸಾಫ್ಟ್‌ವೇರ್ ಕಾರ್ಪೆಂಟ್ರಿ’ಯ ಶೆಲ್ ಪಾಠ ನೋಡಿ. 1998ರಲ್ಲಿ ವಿಜ್ಞಾನಿಗಳಿಗೆ ಅಂತಲೇ ಶುರುವಾದದ್ದು. ದಿನಕ್ಕೆ ಒಂದು ಗಂಟೆ ಕೊಟ್ಟರೆ ಎರಡು ಮೂರು ವಾರದಲ್ಲಿ ನಿಮ್ಮ ಕೆಲಸಕ್ಕೆ ಬೇಕಾದ ಸ್ಕ್ರಿಪ್ಟ್ ಬರೆಯುವಷ್ಟು ಆಗುತ್ತದೆ.

ಯಾವ ಡೇಟಾ ಇಟ್ಟುಕೊಂಡು ಅಭ್ಯಾಸ ಮಾಡಲಿ?

ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಇದ್ದರೆ ಕೇಳಿ ತನ್ನಿ. ಒಂದು ವರ್ಷದ್ದನ್ನು ಟೈಪ್ ಮಾಡಿ, ದಿನಕ್ಕೆ ಒಂದು ಸಾಲು. ತಿಂಗಳ ಮೊತ್ತ ತೆಗೆಯಿರಿ. 2.5 ಮಿ.ಮೀ. ಅಥವಾ ಜಾಸ್ತಿ ಬಂದದ್ದು ಎಷ್ಟು ದಿನ ಎಣಿಸಿ. ಹವಾಮಾನ ಇಲಾಖೆಗೆ ‘ಮಳೆ ಬಂದ ದಿನ’ ಅಂದರೆ ಅದೇ. ಬಂದ ಉತ್ತರವನ್ನು ಪುಸ್ತಕ ಬರೆದವರಿಗೆ ತೋರಿಸಿ. ಎಲ್ಲಿ ತಪ್ಪಿದೆ ಅಂತ ಅವರಿಗೆ ಕೂಡಲೇ ಗೊತ್ತಾಗುತ್ತದೆ.

ಒಂದು ಮಾತ್ರ ನೆನಪಿರಲಿ. ಮಳೆ ಬಾರದ ದಿನಕ್ಕೆ 0 ಬರೆಯಿರಿ. ಅಳೆಯದ ದಿನವನ್ನು ಖಾಲಿ ಬಿಡಿ, ಅಲ್ಲಿ 0 ಹಾಕಬೇಡಿ. ಆಕ್ ಕೂಡಿಸುವಾಗ ಖಾಲಿಯನ್ನೂ ಸೊನ್ನೆ ಅಂತಲೇ ತಿಳಿಯುತ್ತದೆ. ಆದ್ದರಿಂದ ಸರಾಸರಿ ತೆಗೆಯುವಾಗ $2 != "" ಎಂಬ ಶರತ್ತು ಸೇರಿಸಿ, ಖಾಲಿ ಸಾಲು ದಿನಗಳ ಲೆಕ್ಕಕ್ಕೆ ಬರುವುದಿಲ್ಲ. ಪುಸ್ತಕದ ಪಕ್ಕದಲ್ಲಿ ‘ಊರಲ್ಲಿ ಇರಲಿಲ್ಲ’ ಅಂತ ಬರೆದಿದ್ದರೆ ಅದನ್ನೂ ಮೂರನೆಯ ಕಾಲಂನಲ್ಲಿ ಹಾಗೇ ಟೈಪ್ ಮಾಡಿ.